ಸಾರಿನಲ್ಲಿ ಪುಡಿ ಬೆರೆಸಿದರೆ ಕುಡಿತ ಬಿಡುತ್ತಾರಾ?

ಪ್ರಶ್ನೆ: ನಮ್ಮ ಯಜಮಾನರು ಹತ್ತು ವರ್ಷದಿಂದ ಕುಡಿಯುತ್ತಾರೆ. ಈಗೀಗ ಬೆಳಗ್ಗೆ ಎದ್ದ ಕೂಡಲೇ ಬೇಕು. ಆಸ್ಪತ್ರೆ ಅಂದರೆ ಜಗಳ. ಊಟದಲ್ಲಿ ಗೊತ್ತಾಗದ ಹಾಗೆ ಬೆರೆಸುವ ಪುಡಿ ಇದೆಯಂತೆ, ತಾನಾಗೇ ಬಿಡುತ್ತಾರೆ ಅಂತ ಪಕ್ಕದ ಮನೆಯವರು ಹೇಳಿದರು. ಕೊಡಬಹುದಾ? ಬೇರೆ ದಾರಿ ಏನಾದರೂ ಇದೆಯಾ?

ಉತ್ತರ: ಕೊಡಬೇಡಿ. ಈಗಾಗಲೇ ತಂದಿಟ್ಟಿದ್ದರೆ ಮೊದಲು ಅದನ್ನು ಅಡುಗೆಮನೆಯಿಂದ ಆಚೆ ಹಾಕಿ, ಆಮೇಲೆ ಮುಂದೆ ಓದಿ.

‘ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ’ ಅಂತ ಗೋಡೆ ಮೇಲೆ ಅಂಟಿಸಿರುತ್ತಾರಲ್ಲ, ಅಪಾಯ ಇರುವುದು ಆ ‘ತಿಳಿಯದಂತೆ’ ಅನ್ನುವುದರಲ್ಲೇ. ಹೆಸರು, ವಿಳಾಸ ಇಲ್ಲದ ಪುಡಿಯಲ್ಲಿ ಏನಿದೆ ಅಂತ ಮಾರುವವನಿಗೂ ಗೊತ್ತಿರಬೇಕೆಂದಿಲ್ಲ. ಡೈಸಲ್ಫಿರಾಮ್ ಅನ್ನುವ ಮಾತ್ರೆಯನ್ನೇ ಪುಡಿ ಮಾಡಿ ಗುಟ್ಟಾಗಿ ಕೊಡುವವರೂ ಇದ್ದಾರೆ.

ಈ ಮಾತ್ರೆಯ ಕಥೆ ಹೇಳಲೇಬೇಕು. 1940ರ ದಶಕದಲ್ಲಿ ಡೆನ್ಮಾರ್ಕಿನ ಯೆನ್ಸ್ ಹಾಲ್ಡ್, ಎರಿಕ್ ಯಾಕೋಬ್ಸೆನ್ ಅನ್ನುವ ಇಬ್ಬರು ಹೊಟ್ಟೆಹುಳಕ್ಕೆ ಮದ್ದು ಹುಡುಕುತ್ತಿದ್ದರು. ಡೈಸಲ್ಫಿರಾಮನ್ನು ತಾವೇ ನುಂಗಿ ನೋಡಿದರು. ಆಮೇಲೆ ಸ್ವಲ್ಪ ಮದ್ಯ ಕುಡಿದದ್ದೇ ತಡ, ಮೈ ಕೆಟ್ಟಿತು. ಕಾರಣ ಇಷ್ಟೇ: ನಾವು ಕುಡಿದ ಮದ್ಯ ಮೊದಲು ಅಸಿಟಾಲ್ಡಿಹೈಡ್ ಅನ್ನುವ ವಿಷವಾಗುತ್ತದೆ. ಮಾಮೂಲಿಯಾಗಿ ಲಿವರ್ ಅದನ್ನು ಬೇಗ ಕರಗಿಸಿಬಿಡುತ್ತದೆ. ಈ ಮಾತ್ರೆ ಆ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ವಿಷ ಮೈಯಲ್ಲೇ ತುಂಬಿಕೊಳ್ಳುತ್ತದೆ. ಮುಖ ಕೆಂಪಾಗಿ ಉರಿಯುತ್ತದೆ, ವಾಂತಿ ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರ ಜೀವವೇ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಇದರ ಪ್ರಭಾವ ಒಂದೆರಡು ವಾರ ಇರುತ್ತದೆ. ನೀವು ಸೋಮವಾರ ಸಾರಿಗೆ ಹಾಕಿದ್ದು ಶನಿವಾರ ಬಾರಿನಲ್ಲಿ ಕೆಲಸ ಮಾಡಬಹುದು. ಏನಾಯಿತು ಅಂತ ಅವರಿಗೂ ಗೊತ್ತಾಗಲ್ಲ, ಆಸ್ಪತ್ರೆಗೆ ಹೊತ್ತೊಯ್ದ ಸ್ನೇಹಿತರಿಗೂ ಗೊತ್ತಾಗಲ್ಲ.

ತಮಾಷೆ ಏನು ಗೊತ್ತಾ? ಇದೇ ಮಾತ್ರೆಯನ್ನು ಮನೋವೈದ್ಯರೂ ಕೊಡುತ್ತಾರೆ. ಲಿವರ್, ಹೃದಯ ಪರೀಕ್ಷೆ ಮಾಡಿಸಿ, ಕುಡಿದರೆ ಏನಾಗುತ್ತದೆ ಅಂತ ತಿಳಿಸಿ, ಕುಡಿಯುವವರೇ ಒಪ್ಪಿದ ಮೇಲೆ. ದಿನಾ ಬೆಳಗ್ಗೆ ಹೆಂಡತಿ ಕೈಯಿಂದಲೇ ಇಸಿದುಕೊಂಡು ನುಂಗಿದರೆ ಫಲ ಜಾಸ್ತಿ. ಅದೇ ಮದ್ದು, ಅದೇ ನಿಮ್ಮ ಕೈ. ಆದರೆ ಇಲ್ಲಿ ಕದ್ದುಮುಚ್ಚಿ ಏನೂ ಇಲ್ಲ. ಗುಟ್ಟು ಒಂದು ದಿನ ಬಯಲಾದರೆ ‘ನನಗೆ ಮದ್ದು ಹಾಕಿದಳು’ ಅನ್ನುವ ಮಾತು ಬರುತ್ತದೆ. ಆಮೇಲೆ ನಿಮ್ಮ ಕೈಯ ಊಟವನ್ನೂ ಅವರು ಅನುಮಾನದಿಂದಲೇ ನೋಡುತ್ತಾರೆ.

ನೀವು ಬರೆದದ್ದರಲ್ಲಿ ನನಗೆ ಇನ್ನೂ ಭಯ ಹುಟ್ಟಿಸಿದ್ದು ‘ಬೆಳಗ್ಗೆ ಎದ್ದ ಕೂಡಲೇ ಬೇಕು’ ಅನ್ನುವ ಮಾತು. ಮೈ ಮದ್ಯಕ್ಕೆ ಒಗ್ಗಿಹೋಗಿದೆ ಅಂತ ಅರ್ಥ. ಇಂಥವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಯಲ್ಲಿ ಕೈ ನಡುಗುತ್ತದೆ, ಬೆವರುತ್ತದೆ. ಮೊದಲ 2 ದಿನದಲ್ಲಿ ಫಿಟ್ಸ್ ಬರಬಹುದು. ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ ಹುಳ, ಹಾವು ಕಾಣುತ್ತವೆ, ಯಾರೋ ಹೊಡೆಯಲು ಬಂದ ಹಾಗೆ ಕಿರುಚುತ್ತಾರೆ. ಊರಲ್ಲಿ ಇದನ್ನು ದೆವ್ವ ಅಂದುಬಿಡುತ್ತಾರೆ. ‘ಕುಡಿತ ಬಿಟ್ಟದ್ದಕ್ಕೇ ಸತ್ತ’ ಅನ್ನುವ ಮಾತು ಹುಟ್ಟುವುದೂ ಇಲ್ಲಿಂದಲೇ. ಅದು ಪೂರ್ತಿ ಸುಳ್ಳಲ್ಲ. ಹಾಗಂತ ಬಿಡಲೇಬಾರದು ಅಂತಲ್ಲ, ಮೊದಲ ವಾರ ವೈದ್ಯರ ಕಣ್ಣಳತೆಯಲ್ಲಿ ಬಿಡಬೇಕು. ನಡುಕ ಇಳಿಸುವ ಮಾತ್ರೆ, ಬಿ1 ವಿಟಮಿನ್ ಇಂಜೆಕ್ಷನ್, ಇಷ್ಟಕ್ಕೇ ಜೀವ ಉಳಿಯುತ್ತದೆ. ಇದಕ್ಕೆ ಯೋಗ, ಕಷಾಯ ಯಾವುದೂ ಬದಲಿಯಲ್ಲ.

ಆ ವಾರ ದಾಟಿದ ಮೇಲೆ ‘ಬೇರೆ ದಾರಿ’ಗಳ ಕಾಲ. ಅಯ್ಯಪ್ಪ ಮಾಲೆ ಹಾಕಿದವರನ್ನು ನೋಡಿದ್ದೀರಲ್ಲ? ಅಷ್ಟು ದಿನ ಒಂದು ತೊಟ್ಟೂ ಮುಟ್ಟಲ್ಲ. ಮಾಲೆ ತೆಗೆದ ಸಂಜೆ ಸೀದಾ ಬಾರಿಗೆ ಹೋಗುವವರೂ ಇದ್ದಾರೆ. ಇದನ್ನು ನೋಡಿ ನಗುತ್ತೇವೆ. ಆದರೆ ಅಷ್ಟು ದಿನ ಹೇಗೆ ತಡೆದರು? ಬೆಳಗಿನ ಜಾವದ ಸ್ನಾನ, ಸಂಜೆಯ ಭಜನೆ, ಜೊತೆಗೆ ಹತ್ತು ಜನ, ಊರೆಲ್ಲ ‘ಸ್ವಾಮಿ’ ಅಂತ ಕರೆಯುವ ಮರ್ಯಾದೆ. ಮಾಲೆಯ ಜೊತೆ ಇದೆಲ್ಲ ಒಂದೇ ದಿನ ಕಳಚಿಬೀಳುತ್ತದೆ. ಅಲ್ಲೇ ಎಡವುವುದು.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರ 8 ದಿನದ್ದು. ನನ್ನ ಕಣ್ಣಿಗೆ ಅದರಲ್ಲಿ ಮುಖ್ಯವಾದದ್ದು ಆ 8 ದಿನ ಅಲ್ಲ, ಆಮೇಲೆ ಶಿಬಿರದಲ್ಲಿ ಕುಡಿತ ಬಿಟ್ಟವರೇ ಸೇರಿಕೊಂಡು ನಡೆಸುವ ನವಜೀವನ ಸಮಿತಿ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ‘ನಿಮ್ಮ ದುಶ್ಚಟ ಹಾಕಿ’ ಅಂತ ಬೇಡುತ್ತಿದ್ದರು. ಅವರು ಹುಟ್ಟಿದ ಆಗಸ್ಟ್ 1 ನಮ್ಮಲ್ಲಿ ವ್ಯಸನಮುಕ್ತ ದಿನ. ಅಲ್ಲೂ ಅಷ್ಟೇ, ಕೊಡುವವನು ತಿಳಿದೇ ಕೊಡಬೇಕು.

ಎಎ ಅಂತ ಕರೆಯುವ ಆಲ್ಕೋಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಶುರುವಾಯಿತು. ಇಬ್ಬರು ಕುಡುಕರು, ಒಬ್ಬ ಷೇರು ದಲ್ಲಾಳಿ, ಇನ್ನೊಬ್ಬ ವೈದ್ಯ, ಒಬ್ಬರಿಗೊಬ್ಬರು ಕಥೆ ಹೇಳಿಕೊಂಡರು. ಫೀಸು ಇಲ್ಲ, ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು. ಇದು ಬರೀ ಮಾತಿನ ಕೂಟ ಅಂತ ನಾನೂ ಅಂದುಕೊಂಡಿದ್ದೆ. ಆದರೆ 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದರು. ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ, ಕ್ರಮವಾಗಿ ಎಎಗೆ ಜೋಡಿಸುವ ಚಿಕಿತ್ಸೆ ಬೇರೆ ಹೆಸರುವಾಸಿ ಚಿಕಿತ್ಸೆಗಳಿಗಿಂತ ಮುಂದಿತ್ತು. ಯೋಗ, ಪ್ರಾಣಾಯಾಮ ನಿದ್ದೆಗೆ, ಚಡಪಡಿಕೆಗೆ ಒಳ್ಳೆಯದು. ಜೊತೆಗಿರಲಿ, ಅದೊಂದನ್ನೇ ನಂಬಬೇಡಿ.

ಎತ್ತಿಕೊಂಡು ಹೋಗಿ ಕೂಡಿಹಾಕುವ ಕೇಂದ್ರಗಳ ವಿಷಯದಲ್ಲಿ ಹುಷಾರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಇಂಥ ಕೇಂದ್ರಕ್ಕೆ ನೋಂದಣಿ ಇರಲೇಬೇಕು, ಸರಪಳಿ ಹಾಕುವ ಹಾಗಿಲ್ಲ.

ಮಾತಾಡುವುದಾದರೆ ರಾತ್ರಿ ಬೇಡ. ನಶೆ ಇಳಿದ ಹೊತ್ತು ನೋಡಿ. ‘ಕುಡುಕ’ ಅನ್ನುವ ಬದಲು ‘ಕೈ ನಡುಗ್ತಿದೆಯಲ್ಲ, ಅದಕ್ಕೊಂದು ಸಲ ತೋರಿಸೋಣ’ ಅನ್ನಿ. ಕುಡಿತಕ್ಕೆ ಆಸ್ಪತ್ರೆ ಬೇಡ ಅಂದವರು ನಿದ್ದೆಗೆ, ನಡುಕಕ್ಕೆ ಒಪ್ಪುವುದುಂಟು. ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಬಹುದು. ಬೆಂಗಳೂರಿಗೆ ಹತ್ತಿರದವರಾದರೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. 14416, ಇದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್, ಪುಕ್ಕಟೆ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಯಜಮಾನರೇ ಫೋನ್ ಮಾಡಲಿ ಅಂತ ಕಾಯಬೇಡಿ. ಮೊದಲ ಫೋನ್ ನಿಮ್ಮದೇ ಆಗಲಿ, ನಿಮ್ಮ ನಿದ್ದೆ ಕೆಟ್ಟಿರುವುದನ್ನೂ ಸಹಾಯವಾಣಿಯವರಿಗೆ ಹೇಳಿ.