ಹಿಂದಿನ ಸ್ಪೀಕರ್‌ಗಳಿಗೆ ಕೆಲಸವೇ ಇಲ್ಲ: ಸರೌಂಡ್ ಮಿಕ್ಸ್‌ಗಳು ಹೋದದ್ದೆಲ್ಲಿಗೆ?

ಮೈಸೂರಿನ ಕುವೆಂಪುನಗರದಲ್ಲೋ ಸರಸ್ವತಿಪುರಂನಲ್ಲೋ ಐದು ಸ್ಪೀಕರು, ಒಂದು ಸಬ್‌ವೂಫರು ಜೋಡಿಸಿಟ್ಟುಕೊಂಡು ಪಾಶ್ಚಾತ್ಯ ರಾಕ್, ಕ್ಲಾಸಿಕಲ್ ಕೇಳುವ ಕೆಲವರಿದ್ದಾರೆ. ಹೆಚ್ಚು ಮಂದಿಯಲ್ಲ. ವಿದೇಶದಿಂದ ತರಿಸುವ ಎಸ್‌ಎಸಿಡಿಗೆ (ಸೂಪರ್ ಆಡಿಯೊ ಸಿಡಿ, ಮಾಮೂಲಿ ಸಿಡಿಗಿಂತ ಮೇಲ್ಮಟ್ಟದ ಡಿಸ್ಕು) ಸಾಗಣೆ, ಸುಂಕ ಎಲ್ಲ ಸೇರಿದರೆ ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದಷ್ಟು ಬೆಲೆಯಾಗುತ್ತದೆ. ಹಾಗಾಗಿ ಹೊಸ ಮರುಮುದ್ರಣದ ಸುದ್ದಿ ಬಂದ ಕೂಡಲೇ ಅವರು ಹುಡುಕುವುದು ಒಂದೇ ಸಂಗತಿ: ಇದರಲ್ಲಿ ಸರೌಂಡ್, ಅಂದರೆ ಹಿಂದಿನ ಸ್ಪೀಕರ್‌ಗಳಿಂದಲೂ ಬರುವ ಧ್ವನಿ, ಇದೆಯೇ? ‘ಸ್ಟಿರಿಯೊ ಮಾತ್ರ’ ಎಂದಿದ್ದರೆ ಗೊಣಗಾಟ ಶುರು. ಆ ಆಲ್ಬಮ್ಮಿಗೆ ಐವತ್ತು ವರ್ಷಗಳ ಹಿಂದೆಯೇ ನಾಲ್ಕು ಚಾನೆಲ್ಲಿನ ಮಿಕ್ಸ್ (ಯಾವ ಧ್ವನಿ ಯಾವ ಸ್ಪೀಕರಿಗೆ ಎಂಬ ಹಂಚಿಕೆ) ಆಗಿತ್ತು ಎಂಬುದು ಗೊತ್ತಿರುವುದೇ ಹೊಟ್ಟೆಯುರಿಗೆ ಕಾರಣ.

ಕಥೆ ಶುರುವಾಗುವುದು 1970ರ ಸುಮಾರಿಗೆ, ‘ಕ್ವಾಡ್’ ಎಂಬ ನಾಲ್ಕು ಚಾನೆಲ್ ಪದ್ಧತಿಯಿಂದ. ಕೋಣೆಯ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್. ಯೋಚನೆ ಚೆನ್ನಾಗಿತ್ತು, ಆದರೆ ಕಂಪನಿಗಳು ಒಬ್ಬರ ಮಾತು ಒಬ್ಬರು ಕೇಳಲಿಲ್ಲ. ಸಿಬಿಎಸ್ ಎಸ್‌ಕ್ಯೂ ಎಂಬ ಪದ್ಧತಿ ಹಿಡಿಯಿತು, ಸಾನ್ಸುಯಿ ಕ್ಯೂಎಸ್ ಎಂದಿತು, ಜೆವಿಸಿ ಮತ್ತು ಆರ್‌ಸಿಎ ಸಿಡಿ-4 ಎಂದವು. ಮೊದಲಿನ ಎರಡರಲ್ಲಿ ನಾಲ್ಕು ಚಾನೆಲ್ಲನ್ನು ಎರಡರೊಳಗೆ ಬೆರೆಸಿ, ಕೇಳುವಾಗ ಮತ್ತೆ ಬಿಡಿಸಬೇಕು. ಬೆರೆತದ್ದು ಪೂರ್ತಿ ಬಿಡಿಸಿಕೊಳ್ಳುತ್ತಿರಲಿಲ್ಲ. ಹಿಂದಿನ ಗಿಟಾರ್ ಮುಂದಕ್ಕೂ ಸೋರುತ್ತಿತ್ತು. ಸಿಡಿ-4ರಲ್ಲಿ ಚಾನೆಲ್‌ಗಳು ಸ್ವಚ್ಛವಾಗಿ ಬೇರೆಯಾಗುತ್ತಿದ್ದವು. ಆದರೆ ಅದಕ್ಕಾಗಿ ಎಲ್‌ಪಿಯ ಗೀರಿನಲ್ಲಿ ಕಿವಿಗೆ ಕೇಳಿಸದ 30 ಕಿಲೋಹರ್ಟ್ಸ್ ವಾಹಕ ಅಲೆಯನ್ನು ಕೊರೆಯಬೇಕು, ಅದನ್ನು ಓದಲು ವಿಶೇಷ ಮುಳ್ಳು ಬೇಕು. ಶಿಬಾಟ ಮುಳ್ಳು ಹುಟ್ಟಿದ್ದು ಈ ಕೆಲಸಕ್ಕಾಗಿಯೇ. ಕ್ವಾಡ್ ಸತ್ತು ಎಷ್ಟೋ ಕಾಲವಾಯಿತು, ಮುಳ್ಳು ಮಾತ್ರ ಇವತ್ತಿಗೂ ಮಾರಾಟವಾಗುತ್ತಿದೆ.

ಮೂರು ಪದ್ಧತಿಗಳ ಜಗಳದಲ್ಲಿ ಗಿರಾಕಿ ದೂರ ಸರಿದ, ದಶಕ ಮುಗಿಯುವಷ್ಟರಲ್ಲಿ ಕ್ವಾಡ್ ಮಕಾಡೆ ಮಲಗಿತು. ಹಾಗೆಂದು ಸ್ಟುಡಿಯೊದ ಟೇಪುಗಳು ಕಪಾಟಿನಿಂದ ಮಾಯವಾಗಲಿಲ್ಲ. ಪಿಂಕ್ ಫ್ಲಾಯ್ಡ್‌ನ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ (1973) ಆಲ್ಬಮ್ಮಿಗೆ ಧ್ವನಿ ಎಂಜಿನಿಯರ್ ಅಲನ್ ಪಾರ್ಸನ್ಸ್ ಮಾಡಿದ ಕ್ವಾಡ್ ಮಿಕ್ಸ್ ಅಂಥದ್ದೊಂದು.

ಎರಡನೆಯ ಅವಕಾಶ ಬಂದದ್ದು ಡಿಜಿಟಲ್ ಕಾಲದಲ್ಲಿ. 1999ರಲ್ಲಿ ಸೋನಿ, ಫಿಲಿಪ್ಸ್ ಸೇರಿ ಎಸ್‌ಎಸಿಡಿ ತಂದವು. ಮರುವರ್ಷ ಅದಕ್ಕೆ ಎದುರಾಳಿಯಾಗಿ ಡಿವಿಡಿ-ಆಡಿಯೊ ಬಂತು. ಮತ್ತೆ ಅದೇ ಹಳೇ ಜಗಳ! ಆದರೂ ಆ ಕೆಲವು ವರ್ಷಗಳಲ್ಲಿ ಒಳ್ಳೊಳ್ಳೆಯ 5.1 (ಐದು ಸ್ಪೀಕರು, ಒಂದು ಸಬ್‌ವೂಫರು) ಮಿಕ್ಸ್‌ಗಳು ತಯಾರಾದವು. ‘ಡಾರ್ಕ್ ಸೈಡ್’ಗೆ ಜೇಮ್ಸ್ ಗತ್ರಿ ಮಾಡಿದ 5.1 ಬಂದದ್ದು 2003ರ ಎಸ್‌ಎಸಿಡಿಯಲ್ಲಿ. ಕೇಳುವ ದಾರಿ ಮಾತ್ರ ಕಷ್ಟದ್ದು. ನಕಲಿನ ಭಯದಿಂದ ಎಸ್‌ಎಸಿಡಿಯ ಡಿಜಿಟಲ್ ಧ್ವನಿಯನ್ನು ಸಾಮಾನ್ಯ ಕೇಬಲ್ಲಿನಲ್ಲಿ ಹೊರಗೆ ಬಿಡುತ್ತಿರಲಿಲ್ಲ. ಪ್ಲೇಯರ್‌ನಿಂದ ಆಂಪ್ಲಿಫೈಯರ್‌ಗೆ ಆರು ಅನಲಾಗ್ ತಂತಿ ಎಳೆಯಬೇಕಿತ್ತು. ಎಚ್‌ಡಿಎಂಐ ಬಂದ ಮೇಲೆ ಆ ತೊಂದರೆ ತೀರಿತು, ಆದರೆ ಅಷ್ಟರಲ್ಲಿ ಜನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಎಂಪಿ3 ಕಡೆ ಹೊರಟಾಗಿತ್ತು. ದೊಡ್ಡ ಕಂಪನಿಗಳು ಕೈಬಿಟ್ಟ ಎಸ್‌ಎಸಿಡಿ, ಮೊಬೈಲ್ ಫಿಡೆಲಿಟಿಯಂಥ ಸಣ್ಣ ‘ಆಡಿಯೊಫೈಲ್’ ಲೇಬಲ್‌ಗಳ, ಅಂದರೆ ಧ್ವನಿಯ ಗುಣಮಟ್ಟದ ಹುಚ್ಚಿರುವವರಿಗಾಗಿ ಡಿಸ್ಕು ಮಾಡುವ ಸಂಸ್ಥೆಗಳ, ಪಾಲಿಗೆ ಬಂತು.

ಸಿಟ್ಟಿನ ಬೇರು ಇರುವುದು ಇಲ್ಲಿ. ಎಸ್‌ಎಸಿಡಿಯಲ್ಲಿ ಸ್ಟಿರಿಯೊಗೆ ಒಂದು ಭಾಗ, ಬಹುಚಾನೆಲ್‌ಗೆ ಇನ್ನೊಂದು ಭಾಗ ಇರುತ್ತದೆ. ಎರಡನೆಯದು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಜಾಗ ಖಾಲಿ ಬಿದ್ದಿರುವಾಗ ಹಾಕಲೇನು ಧಾಡಿ ಎಂದು ಸಂಗ್ರಾಹಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ, ಆದರೆ ಅರ್ಧದಷ್ಟು ತಪ್ಪು ವಿಳಾಸಕ್ಕೆ ಹೋಗುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಸಣ್ಣ ಲೇಬಲ್ಲಿಗೆ ಆಲ್ಬಮ್ಮಿನ ಒಡೆತನವಿಲ್ಲ. ಅದು ಮೂಲ ಕಂಪನಿಯಿಂದ ಒಂದು ನಿರ್ದಿಷ್ಟ ಟೇಪನ್ನು ನಿರ್ದಿಷ್ಟ ರೂಪದಲ್ಲಿ ಮುದ್ರಿಸುವ ಹಕ್ಕನ್ನಷ್ಟೇ ಬಾಡಿಗೆಗೆ ಪಡೆದಿರುತ್ತದೆ. ಸರೌಂಡ್ ಮಿಕ್ಸ್ ಬೇರೆಯೇ ಮಾಸ್ಟರ್, ಅಂದರೆ ಮುದ್ರಣಕ್ಕೆ ಬಳಸುವ ಬೇರೆಯೇ ಮೂಲ ಪ್ರತಿ. ಅದಕ್ಕೆ ಬೇರೆ ಒಪ್ಪಂದ ಬೇಕು, ಕಲಾವಿದರ ಒಪ್ಪಿಗೆಯೂ ಬೇಕಾಗಬಹುದು. ಮೂಲ ಕಂಪನಿಯಾದರೂ ಮುಂದೊಂದು ದಿನ ತಾನೇ ದುಬಾರಿ ಪೆಟ್ಟಿಗೆಯಲ್ಲಿ ಮಾರುವ ಸರಕನ್ನು ಇನ್ನೊಬ್ಬರಿಗೆ ಯಾಕೆ ಕೊಟ್ಟೀತು?

ಲೇಬಲ್‌ಗಳ ಕಡೆಯೂ ಹಿಂಜರಿಕೆ ಇದೆ. ‘ಮೂಲ ಮಾಸ್ಟರ್ ಟೇಪಿನಿಂದ’ ಎಂಬ ಮಾತನ್ನೇ ಮಾರುವವರಿಗೆ ಎರಡು ಸ್ಪೀಕರಿನ ಮಡಿ ಹೆಚ್ಚು. ರಾಕ್ ತಂಡ ಸಂತಾನಾದ ‘ಅಬ್ರಾಕ್ಸಸ್’ ಆಲ್ಬಮ್ ನೋಡಿ. ಮೊಬೈಲ್ ಫಿಡೆಲಿಟಿ 2016ರಲ್ಲಿ ತನ್ನ ದುಬಾರಿ ‘ಒನ್-ಸ್ಟೆಪ್’ ಎಲ್‌ಪಿ ಸರಣಿಯನ್ನು ಶುರುಮಾಡಿದ್ದೇ ಈ ಆಲ್ಬಮ್ಮಿನಿಂದ, ಅದೂ ಸ್ಟಿರಿಯೊದಲ್ಲಿ. ಅದರ ಕ್ವಾಡ್ ಮಿಕ್ಸ್ ಎಸ್‌ಎಸಿಡಿಯಾಗಿ ಸಿಕ್ಕಿದ್ದು ಮಿಕ್ಸಿನ ಒಡೆಯನಾದ ಸೋನಿಯ ಜಪಾನ್ ಶಾಖೆಯಿಂದ.

ಇದಕ್ಕಿಂತ ವಿಚಿತ್ರವಾದದ್ದು ಕ್ಲಾಸಿಕಲ್ ಲೋಕದಲ್ಲಿದೆ. ಜರ್ಮನಿಯ ರೆಕಾರ್ಡ್ ಕಂಪನಿ ಡಾಯ್ಚೆ ಗ್ರಾಮೊಫೋನ್ 1970ರ ದಶಕದಲ್ಲಿ ಕ್ವಾಡ್ ಬಂದೇ ಬರುತ್ತದೆಂದು ನಂಬಿ ಎಷ್ಟೋ ಧ್ವನಿಮುದ್ರಣಗಳನ್ನು ನಾಲ್ಕು ಟ್ರ್ಯಾಕಿನಲ್ಲಿ ಮಾಡಿ, ಸ್ಟಿರಿಯೊದಲ್ಲಿ ಮಾತ್ರ ಬಿಡುಗಡೆ ಮಾಡಿತು. 2023ರಿಂದ ಅದೇ ಟೇಪುಗಳನ್ನು ಹೊರತೆಗೆದು ‘ಒರಿಜಿನಲ್ ಸೋರ್ಸ್’ ಎಂಬ ಎಲ್‌ಪಿ ಸರಣಿ ತರುತ್ತಿದೆ. ಹಿಂದಿನ ಚಾನೆಲ್‌ಗಳಲ್ಲಿದ್ದ ಸಭಾಂಗಣದ ಗುಂಗನ್ನು ಮುಂದಿನ ಎರಡರೊಳಗೆ ಬೆರೆಸಿ ನೇರವಾಗಿ ಕೊರೆಯುತ್ತಾರೆ. ಕೇಳಲು ಅದ್ಭುತ ಎಂದು ಹೊಗಳುವವರಿದ್ದಾರೆ. ನಾಲ್ಕು ಚಾನೆಲ್ಲಿನ ಟೇಪು ಹಿಡಿದುಕೊಂಡು ಮತ್ತೆ ಎರಡನ್ನೇ ಮಾರುವುದಕ್ಕೆ ಏನನ್ನಬೇಕೋ ತಿಳಿಯದು. ಆ ಕಾಲದ ಫಿಲಿಪ್ಸ್ ಮತ್ತು ಡಾಯ್ಚೆ ಗ್ರಾಮೊಫೋನ್ ಟೇಪುಗಳಲ್ಲಿ ಕೆಲವನ್ನು ನಾಲ್ಕೂ ಚಾನೆಲ್ ಸಮೇತ ಎಸ್‌ಎಸಿಡಿಯಲ್ಲಿ ಕೊಟ್ಟ ಪುಣ್ಯ ಪೆಂಟಾಟೋನ್ ಎಂಬ ಸಣ್ಣ ಸಂಸ್ಥೆಯದು.

ಕಂಪನಿ ಹೊರತಾರದ ಸಂಗೀತಕ್ಕಾಗಿ ಮೈಸೂರು ಹಂಬಲಿಸಿದ್ದು ಇದೇ ಮೊದಲಲ್ಲ. ಜಯಚಾಮರಾಜ ಒಡೆಯರ್ ಅವರು ಭಾರೀ ರೆಕಾರ್ಡ್ ಸಂಗ್ರಾಹಕರು, ಪಿಯಾನೊ ಕಲಿತವರು. ಲಂಡನ್ನಿನಲ್ಲಿ ಬಡತನ, ಅನಾರೋಗ್ಯದಲ್ಲಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ಪ್ಲೇಟುಗಳಾಗಿ ಸಿಗುವುದಿಲ್ಲ ಎಂದಾಗ, 1940ರ ದಶಕದ ಕೊನೆಯಲ್ಲಿ ತಾವೇ ಹಣ ಕೊಟ್ಟು ಎಚ್‌ಎಂವಿಯಲ್ಲಿ ಮುದ್ರಿಸಿದರು, ಅದೂ ಮೆಟ್ನರ್ ಅವರ ಕೈಯಲ್ಲೇ ನುಡಿಸಿ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. ಇಂದಿನ ಸಂಗ್ರಾಹಕನ ಹಿಂದೆ ಅರಮನೆಯ ಖಜಾನೆಯಿಲ್ಲ, ಇರುವುದು ಕ್ರೆಡಿಟ್ ಕಾರ್ಡಿನ ಮಿತಿ.

2021ರ ಜೂನ್‌ನಲ್ಲಿ ಆಪಲ್ ಮ್ಯೂಸಿಕ್ ಡಾಲ್ಬಿ ಅಟ್ಮೋಸ್ ಎಂಬ ಹೊಸ ಬಗೆಯ ಸರೌಂಡ್ ತಂದಾಗ ಎಲ್ಲ ಸರಿಹೋಗುತ್ತದೆ ಎಂದುಕೊಂಡವರಿದ್ದರು. ಆಗಿದ್ದು ತಿರುವುಮುರುವು. ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್ಸ್’, ‘ಅಬ್ಬೆ ರೋಡ್’, ‘ಲೆಟ್ ಇಟ್ ಬಿ’ ಪೆಟ್ಟಿಗೆಗಳಲ್ಲಿ ಸರೌಂಡ್ ಮಿಕ್ಸಿನ ಬ್ಲೂ-ರೇ ಇತ್ತು. 2022ರ ‘ರಿವಾಲ್ವರ್’ ಪೆಟ್ಟಿಗೆಯಲ್ಲಿ ಇರಲಿಲ್ಲ. ಅಟ್ಮೋಸ್ ಮಿಕ್ಸ್ ತಯಾರಾಗಿತ್ತು, ಆದರೆ ಸ್ಟ್ರೀಮಿಂಗ್‌ಗೆ ಮಾತ್ರ. ಸ್ಟ್ರೀಮಿಂಗ್‌ನಲ್ಲಿ ಬರುವ ಅಟ್ಮೋಸ್ ಸಂಕುಚಿತ ರೂಪ, ಬ್ಲೂ-ರೇಯಲ್ಲಿ ಏನೂ ಕಳೆಯದ ಟ್ರೂಎಚ್‌ಡಿ. ಸಾವಿರಾರು ರೂಪಾಯಿಯ ಪೆಟ್ಟಿಗೆ ಕೊಂಡವನಿಗೆ ಸಿಗದ ಮಿಕ್ಸು ತಿಂಗಳ ಚಂದಾದಾರನಿಗೆ ಅರೆಬರೆಯಾಗಿ ಸಿಗುತ್ತದೆ. ಈ ಒಂದು ದೂರು ಮಾತ್ರ ಸರಿಯಾದ ವಿಳಾಸಕ್ಕೇ ಹೋಗಿದೆ, ಯಾಕೆಂದರೆ ಇಲ್ಲಿ ಹಕ್ಕು, ಟೇಪು, ಮಿಕ್ಸು ಎಲ್ಲವೂ ಕಂಪನಿಯ ಕೈಯಲ್ಲೇ ಇದ್ದವು.

ಸದ್ಯಕ್ಕೆ ಆಸೆ ಇಡಬಹುದಾದವರು ಇಬ್ಬರು. ಬ್ರಿಟನ್ನಿನ ಡಟನ್ ವೊಕಾಲಿಯನ್ 1970ರ ದಶಕದ ಕ್ವಾಡ್ ಮಿಕ್ಸ್‌ಗಳಿಗೆ ಹಕ್ಕು ಪಡೆದು ಎಸ್‌ಎಸಿಡಿ ಮಾಡುತ್ತಿದೆ. ಎಷ್ಟೋ ಬಾರಿ ಒಂದೇ ಡಿಸ್ಕಿನಲ್ಲಿ ಎರಡು ಆಲ್ಬಮ್. ಅಮೆರಿಕದ ರೈನೊ, ವಾರ್ನರ್ ಭಂಡಾರದ ಕ್ವಾಡ್‌ಗಳನ್ನು ‘ಕ್ವಾಡಿಯೊ’ ಹೆಸರಿನಲ್ಲಿ ಬ್ಲೂ-ರೇಗೆ ಹಾಕುತ್ತಿದೆ. ಅದಕ್ಕೆ ಸಾಮಾನ್ಯ ಬ್ಲೂ-ರೇ ಪ್ಲೇಯರ್ ಸಾಕು. ಎಸ್‌ಎಸಿಡಿಗೆ ಹಾಗಲ್ಲ. ಎಲ್ಲರೂ ಮೆಚ್ಚಿದ್ದ ಒಪ್ಪೊ 2018ರಲ್ಲಿ ಪ್ಲೇಯರ್ ಮಾಡುವುದನ್ನೇ ನಿಲ್ಲಿಸಿತು. ಇರುವ ಯಂತ್ರ ಕೆಟ್ಟರೆ ಮೈಸೂರಿನಲ್ಲಿ ಅದರ ಲೇಸರ್ ಬದಲಿಸಿಕೊಡುವವರನ್ನು ಹುಡುಕುವುದೇ ದೊಡ್ಡ ಕೆಲಸ.