ವಾಚಿಗೆ 70 ಸಾವಿರ, ಎದೆಯ ಬೆಲ್ಟಿಗೆ ದುಡ್ಡಿಲ್ಲ

ಓಟಕ್ಕೆ ಯಾವ ವಾಚ್ ತೆಗೆದುಕೊಳ್ಳಲಿ ಎಂದು ಕೇಳಿಕೊಂಡು ಬರುವವರಿಗೆ ನನ್ನ ಮೊದಲ ಪ್ರಶ್ನೆ: ಚೆಸ್ಟ್ ಸ್ಟ್ರಾಪ್‌ಗೆ, ಅಂದರೆ ನಾಡಿ ಎಣಿಸಲು ಎದೆಗೆ ಕಟ್ಟುವ ಬೆಲ್ಟಿಗೆ, ದುಡ್ಡು ತೆಗೆದಿಟ್ಟಿದ್ದೀರಾ? ಹೆಚ್ಚಿನವರು ನನ್ನ ಮುಖ ನೋಡುತ್ತಾರೆ. "ವಾಚಿನಲ್ಲೇ ಹಾರ್ಟ್ ರೇಟ್ ಬರ್ತದಲ್ಲ ಸರ್, ಮತ್ತೆ ಅದೆಂತಕ್ಕೆ?" ಕುಂಬಳೆಯಲ್ಲೂ ಇದೇ ಮಾತು, ಬದಿಯಡ್ಕದಲ್ಲೂ ಇದೇ ಮಾತು. ಹಾಗಾಗಿ ಈ ಸಲ ಅದೊಂದನ್ನೇ ಬಿಡಿಸಿ ಬರೆಯುತ್ತೇನೆ.

ಜಿಪಿಎಸ್ ವಿಷಯ ಬೇಗ ಮುಗಿಸೋಣ. ಉಪಗ್ರಹಗಳು ಇರುವುದು ಸುಮಾರು 20,200 ಕಿ.ಮೀ. ಎತ್ತರದಲ್ಲಿ. ಅಲ್ಲಿಂದ ಬರುವ ಸಿಗ್ನಲ್ ತುಂಬಾ ಕ್ಷೀಣ. ಎರಡು ಗುಡ್ಡೆಗಳ ನಡುವಿನ ಅಡಿಕೆ ತೋಟದಲ್ಲಿ ಓಡಿದರೆ ಅದು ಅಲ್ಲಿ ಇಲ್ಲಿ ಬಡಿದು ಬರುತ್ತದೆ, ಮ್ಯಾಪಿನಲ್ಲಿ ನಿಮ್ಮ ದಾರಿ ತೋಡು ದಾಟಿ ಆಚೆ ಮನೆಯ ಅಂಗಳಕ್ಕೆ ಹೋಗಿರುತ್ತದೆ. ಎಲ್1, ಎಲ್5 ಎಂಬ ಎರಡು ಫ್ರೀಕ್ವೆನ್ಸಿ ಹಿಡಿಯುವ ವಾಚಿನಲ್ಲಿ ಈ ತೊಂದರೆ ಕಡಿಮೆ. ಆದರೆ ನೀವು ಓಡುವುದು ಬೇಕಲದ ಕಡಲ ಬದಿಯಲ್ಲಾದರೆ ಅಲ್ಲಿ ಆಕಾಶ ಪೂರ್ತಿ ತೆರೆದಿದೆ, ಸಾಧಾರಣ ವಾಚೂ ಸಾಕು. ಬಟನ್ ಒತ್ತುವ ಮೊದಲು ಸಿಗ್ನಲ್ ಸಿಗುವವರೆಗೆ ನಿಂತುಕೊಳ್ಳಿ. 10 ಕಿ.ಮೀ.ಗೆ ನೂರು ಮೀಟರ್ ಆಚೀಚೆ ಬಂದರೆ ಅದಕ್ಕೆ ಜಗಳ ಮಾಡಬೇಡಿ.

ಈಗ ನಾಡಿಯ ವಿಷಯ. ವಾಚನ್ನು ತಿರುಗಿಸಿ ನೋಡಿ, ಹಿಂದೆ ಹಸಿರು ದೀಪ ಮಿನುಗುತ್ತದೆ. ಹಸಿರು ಬೆಳಕನ್ನು ರಕ್ತ ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಒಮ್ಮೆ ಬಡಿದಾಗ ಚರ್ಮದ ಕೆಳಗೆ ರಕ್ತ ಸ್ವಲ್ಪ ಜಾಸ್ತಿಯಾಗುತ್ತದೆ, ವಾಪಸ್ ಬರುವ ಬೆಳಕು ಕಡಿಮೆಯಾಗುತ್ತದೆ. ವಾಚ್ ಎಣಿಸುವುದು ಈ ಏರಿಳಿತವನ್ನು. ನೇರವಾಗಿ ಹೃದಯವನ್ನಲ್ಲ. ಸುಮ್ನೆ ಕೂತಾಗ, ಮಲಗಿದಾಗ ಈ ಲೆಕ್ಕ ಚೆನ್ನಾಗಿಯೇ ಬರುತ್ತದೆ. ಓಡುವಾಗ ಹಾಗಲ್ಲ. ಕೈ ಬೀಸುತ್ತದೆ, ವಾಚ್ ಕುಣಿಯುತ್ತದೆ, ಒಳಗಿನ ರಕ್ತವೂ ಪ್ರತಿ ಹೆಜ್ಜೆಗೆ ತುಳುಕುತ್ತದೆ. ಚೆಂಡೆ ಜೋರಾಗಿ ಬಡಿಯುವಾಗ ಪಕ್ಕದಲ್ಲಿ ಕೂತವನಿಗೆ ಭಾಗವತರ ಜಾಗಟೆ ಕೇಳಿಸುವುದಿಲ್ಲ, ಅಲ್ವಾ? ಹಾಗೆಯೇ ಸೆನ್ಸರ್‌ಗೆ ಹೆಜ್ಜೆಯ ಬಡಿತ ದೊಡ್ಡದಾಗಿ ಕಾಣುತ್ತದೆ, ಹೃದಯದ್ದು ಅದರಲ್ಲಿ ಮುಳುಗಿಹೋಗುತ್ತದೆ. ಆಗ ಅದು ಹೆಜ್ಜೆಯನ್ನೇ ಎಣಿಸಿ ಹಾರ್ಟ್ ರೇಟ್ ಎಂದು ತೋರಿಸುತ್ತದೆ. ಓಟಗಾರರು ಇದಕ್ಕೆ ಕೇಡೆನ್ಸ್ ಲಾಕ್ ಎನ್ನುತ್ತಾರೆ. ತುಂಬಾ ಜನರ ಹೆಜ್ಜೆ ನಿಮಿಷಕ್ಕೆ 160ರಿಂದ 180ರ ನಡುವೆ. ಜೋರಾಗಿ ಓಡುವಾಗಿನ ನಾಡಿಯೂ ಅದರ ಆಸುಪಾಸಿನಲ್ಲೇ ಇರುವುದರಿಂದ ಯಾರಿಗೂ ಸಂಶಯವೇ ಬರುವುದಿಲ್ಲ.

ನಿವೃತ್ತ ಮಾಷ್ಟ್ರೊಬ್ಬರು ನನ್ನ ಬಳಿ ಬರುತ್ತಾರೆ. ನಮ್ಮ ಜಿಲ್ಲೆಯಲ್ಲಿ ನಡೆಯುವಂತೆ ಅವರಿಗೂ ವಾಚ್ ಬಂದದ್ದು ಭಾವನ ಕೈಯಲ್ಲಿ, ದುಬೈಯಿಂದ. ಒಳ್ಳೆಯ ವಾಚೇ. ಆದರೆ ನಾಡಿ 140 ದಾಟಿದರೆ ಬೀಪ್ ಆಗುವಂತೆ ಇಟ್ಟುಕೊಂಡು, ಬೀಪ್ ಕೇಳಿದಾಗಲೆಲ್ಲ ನಡೆಯತೊಡಗುತ್ತಿದ್ದರು. ಒಂದು ಬೆಳಿಗ್ಗೆ ಅವರ ಜೊತೆಗೇ ಓಡಿದೆ. ವಾಚಿನಲ್ಲಿ 172.

"ಮಾಷ್ಟ್ರೇ, ಏದುಸಿರು ಬರ್ತದಾ?"

"ಇಲ್ಲ ಮಾರಾಯ್ರೆ. ನಿಮ್ಮತ್ರ ಮಾತಾಡಿಕೊಂಡೇ ಓಡ್ತಾ ಇದ್ದೇನಲ್ಲ."

ಅವರ ಹೆಜ್ಜೆ ಎಣಿಸಿದೆ. 15 ಸೆಕೆಂಡಿಗೆ 43. ನಾಲ್ಕರಿಂದ ಗುಣಿಸಿ. ನಿಲ್ಲಿಸಿ, ಕೂಡಲೇ ಕತ್ತಿನ ಬದಿಯಲ್ಲಿ ಬೆರಳಿಟ್ಟು ಎಣಿಸಿದೆವು. 15 ಸೆಕೆಂಡಿಗೆ 33, ಅಂದರೆ 132. ಆ ವಾಚ್ ಅಷ್ಟು ದಿನ ಅವರ ಹೆಜ್ಜೆಯನ್ನು ಹೃದಯ ಎಂದು ಹೇಳಿ ಅವರನ್ನು ಹೆದರಿಸಿಟ್ಟಿತ್ತು. ಅದೇ ಲೆಕ್ಕದ ಮೇಲೆ ವಿಒಟು ಮ್ಯಾಕ್ಸ್ (ದೇಹ ಆಮ್ಲಜನಕವನ್ನು ಗರಿಷ್ಠ ಎಷ್ಟು ಬಳಸಬಲ್ಲದು ಎಂಬ ಅಂದಾಜು) ಇಳಿಸಿತ್ತು, ಮೂರು ದಿನ ರೆಸ್ಟ್ ಎಂದಿತ್ತು, ತರಬೇತಿ 'ಅನ್‌ಪ್ರೊಡಕ್ಟಿವ್', ಅಂದರೆ ಪ್ರಯೋಜನವಿಲ್ಲದ್ದು, ಎಂದು ಬರೆದಿತ್ತು. ಆ ಪದ ಓದಿ ಅವರು ಓಟವನ್ನೇ ಬಿಡಬೇಕು ಎಂದುಕೊಂಡಿದ್ದರು. ಬೇಸರವಾಗುವುದು ಇದಕ್ಕೇ. ವಾಚಿನ ಸಲಹೆಗಳೆಲ್ಲ ನಿಂತಿರುವುದು ಆ ಒಂದು ನಂಬರಿನ ಮೇಲೆ. ಅದೇ ತಪ್ಪಿದರೆ 20 ಸಾವಿರದ ವಾಚೂ ಒಂದೇ, 70 ಸಾವಿರದ್ದೂ ಒಂದೇ.

ಇನ್ನೊಂದು ಬದಿ ಇದಕ್ಕಿಂತ ಅಪಾಯ. ಬ್ಯಾಂಕಿನಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರು ಬಳೆಯ ಪಕ್ಕ ಸಡಿಲವಾಗಿ ವಾಚ್ ಕಟ್ಟಿ ಇಂಟರ್ವಲ್ (ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ನಿಧಾನ) ಓಡುತ್ತಿದ್ದರು. ಮುಖ ಕೆಂಪಾಗಿ ಮಾತೇ ಹೊರಡುವುದಿಲ್ಲ, ವಾಚಿನಲ್ಲಿ 118! 160 ಬರಲಿಲ್ಲವಲ್ಲ ಎಂದು ಇನ್ನೂ ಜೋರು ಓಡಿದರು. ದಯವಿಟ್ಟು ಹೀಗೆ ಮಾಡಬೇಡಿ. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಿದರೆ ಸ್ವಲ್ಪ ಸುಧಾರಿಸುತ್ತದೆ. ಆದರೂ ಓಟದ ವೇಗ ಹಠಾತ್ತನೆ ಏರುವಾಗ ಇಳಿಯುವಾಗ ಮಣಿಕಟ್ಟಿನ ಲೆಕ್ಕ ಹಿಂದೆ ಬೀಳುತ್ತದೆ.

ಎದೆಯ ಬೆಲ್ಟ್ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಫಿನ್ಲೆಂಡಿನ ಪೋಲಾರ್ ಕಂಪನಿ 1980ರ ದಶಕದ ಆರಂಭದಲ್ಲೇ ಇಂಥದ್ದನ್ನು ಮಾರುಕಟ್ಟೆಗೆ ತಂದಿತ್ತು. ಈಗ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಎದೆಗೆ ಕಟ್ಟಿಕೊಳ್ಳುವುದು ಹಿಂಸೆ ಎನ್ನುವವರಿಗೆ ತೋಳಿಗೆ ಕಟ್ಟುವ ಸೆನ್ಸರ್ ಇದೆ. ಅದರಲ್ಲೂ ಬೆಳಕೇ, ಆದರೆ ತೋಳು ಮಣಿಕಟ್ಟಿನಷ್ಟು ಅಲುಗುವುದಿಲ್ಲ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು: ಈ ವಾಚಿಗೆ ಹೊರಗಿನ ಹಾರ್ಟ್ ರೇಟ್ ಸೆನ್ಸರ್ ಸೇರಿಸಲಿಕ್ಕೆ ಆಗ್ತದಾ? ಎಷ್ಟೋ ಅಗ್ಗದ ಬ್ಯಾಂಡುಗಳಲ್ಲಿ ಆಗುವುದಿಲ್ಲ. ಗಲ್ಫಿನಿಂದ ತರಿಸುವುದಾದರೆ ವಾರಂಟಿ ಇಲ್ಲಿ ನಡೆಯುತ್ತದಾ ಎಂದೂ ಕೇಳಿಸಿ.

ಟ್ರಯತ್ಲಾನ್ ಮಾಡುವವರಿಗೆ ಎರಡು ಮಾತು. ಈಜು, ಸೈಕಲ್, ಓಟ ಒಂದೇ ದಾಖಲೆಯಲ್ಲಿ ಬರುವ ಮಲ್ಟಿಸ್ಪೋರ್ಟ್ ಮೋಡ್ ಬೇಕು, ಒದ್ದೆ ಬೆರಳಿಗೆ ಸಿಗುವ ನಿಜವಾದ ಬಟನ್ ಬೇಕು. ಬ್ಲೂಟೂತ್ ನೀರಿನಲ್ಲಿ ಹೆಚ್ಚು ದೂರ ಹೋಗುವುದಿಲ್ಲ. ಹಾಗಾಗಿ ನಾಡಿಯನ್ನು ತನ್ನೊಳಗೇ ಉಳಿಸಿಕೊಂಡು ಆಮೇಲೆ ವಾಚಿಗೆ ಕಳಿಸುವ ಬೆಲ್ಟ್ ಆದರೆ ಒಳ್ಳೆಯದು. ಸಮುದ್ರದಲ್ಲಿ ಜಿಪಿಎಸ್ ಸಿಗುವುದು ಕೈ ನೀರಿನಿಂದ ಮೇಲೆ ಬಂದಾಗ ಮಾತ್ರ, ದೂರದ ಲೆಕ್ಕ ಸ್ವಲ್ಪ ವಕ್ರವಾಗಿಯೇ ಬರುತ್ತದೆ.

ಎಚ್ಚರಿಕೆಗೆ ಒಂದು ಮಾತು. ವಾಚಿನ ದೊಡ್ಡ ನಂಬರೆಲ್ಲ ಸುಳ್ಳು ಎಂದು ನಾನು ಹೇಳಿಲ್ಲ. ನಮ್ಮ ಏಪ್ರಿಲ್‌ನ ಸೆಕೆಯಲ್ಲಿ ಅದೇ ವೇಗಕ್ಕೆ ನಾಡಿ ನಿಜವಾಗಿಯೂ ಮೇಲೆ ಹೋಗುತ್ತದೆ. ಸಂಶಯ ಬಂದರೆ ನಿಂತು ಕತ್ತಿನಲ್ಲಿ ಎಣಿಸಿ. 220ರಿಂದ ವಯಸ್ಸು ಕಳೆದು ಬರುವ ಗರಿಷ್ಠ ನಾಡಿಯೂ ಅಂದಾಜು ಮಾತ್ರ, ಹತ್ತು ಹನ್ನೆರಡು ಬಡಿತ ಆಚೀಚೆ ಇರಬಹುದು. ಎದೆನೋವು, ತಲೆಸುತ್ತು, ತಪ್ಪಿ ತಪ್ಪಿ ಬಡಿಯುವ ನಾಡಿ ಇದ್ದರೆ ನನ್ನ ಬಳಿ ಬರಬೇಡಿ, ಡಾಕ್ಟರ ಬಳಿ ಹೋಗಿ. ಬೆಲ್ಟ್ ಇಸಿಜಿಯ ಬದಲಿಗೆ ಅಲ್ಲ.

ಬೆಲ್ಟ್ ತಂದವರು ಕಟ್ಟುವ ಮೊದಲು ಒಳಭಾಗದ ಪಟ್ಟಿಯನ್ನು ನೀರಿನಲ್ಲಿ ಒದ್ದೆ ಮಾಡಿ. ಒಣಗಿದ್ದರೆ ಮೊದಲ ಐದು ಹತ್ತು ನಿಮಿಷ ಏನೇನೋ ತೋರಿಸುತ್ತದೆ. ಮನೆಗೆ ಬಂದ ಮೇಲೆ ಸೆನ್ಸರ್ ಬಿಚ್ಚಿಟ್ಟು ಪಟ್ಟಿಯನ್ನು ತೊಳೆಯಿರಿ. ಬಿಚ್ಚದಿದ್ದರೆ ಒದ್ದೆ ಪಟ್ಟಿಗೆ ಅದು ಎಚ್ಚರವಾಗಿಯೇ ಇದ್ದು ಬ್ಯಾಟರಿ ಬೇಗ ಮುಗಿಯುತ್ತದೆ. ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಒಣಗಿಸಿ, ಚೀಲದಲ್ಲಿ ಮುದ್ದೆ ಮಾಡಿ ಇಟ್ಟರೆ ಬೂಸ್ಟು ಹಿಡಿಯುತ್ತದೆ.