ಕಳ್ಳ ಯಾರು, ಕಳೆದುಕೊಂಡವರು ಯಾರು: ವಿಯೆಟ್ನಾಮಿಗರು ಕಲಿಯುವ ಕ್ರೈಂ ಸುದ್ದಿಯ ಇಂಗ್ಲಿಷ್

ಇಂಗ್ಲಿಷಿನ ಎರಡು ತಲೆಬರಹಗಳನ್ನು ನೋಡಿ. 'ಮ್ಯಾನ್ ರಾಬ್ಡ್ ಇನ್ ಹನೋಯ್.' 'ಮ್ಯಾನ್ ರಾಬ್ಸ್ ಬ್ಯಾಂಕ್ ಇನ್ ಹನೋಯ್.' ಮೊದಲನೆಯದರಲ್ಲಿ ಆ ಮನುಷ್ಯ ದುಡ್ಡು ಕಳೆದುಕೊಂಡವನು, ಪಾಪ. ಎರಡನೆಯದರಲ್ಲಿ ಅವನೇ ದರೋಡೆಕೋರ. ಇಬ್ಬರನ್ನೂ ಬೇರೆ ಮಾಡುವ ಮೊದಲ ಸುಳಿವು ಕ್ರಿಯಾಪದದ ಬಾಲ. ಒಂದು ಕಡೆ 'ಡ್', ಇನ್ನೊಂದು ಕಡೆ 'ಸ್'. ಇಂಗ್ಲಿಷ್ ಕಲಿಯುವ ವಿಯೆಟ್ನಾಮಿನ ವಿದ್ಯಾರ್ಥಿ ಜಾಸ್ತಿ ಎಡವುವುದೂ ಈ ಬಾಲದಲ್ಲೇ.

ಕಾರಣ ಅವರ ಭಾಷೆಯಲ್ಲಿದೆ. ವಿಯೆಟ್ನಾಮಿ ಪದಗಳ ಕೊನೆಯಲ್ಲಿ ಬರಬಲ್ಲ ವ್ಯಂಜನಗಳು ಬೆರಳೆಣಿಕೆಯಷ್ಟು: ಪ್, ತ್, ಕ್, ಮ್, ನ್, ಙ್, ಮತ್ತೆ ಇವುಗಳಿಗೆ ಹತ್ತಿರದ ಒಂದೆರಡು. ಕೊನೆಯ ಪ್, ತ್, ಕ್‌ಗಳನ್ನು ಕೂಡ ಪೂರ್ತಿ ಬಿಡಿಸಿ ಹೇಳುವುದಿಲ್ಲ. ಉಸಿರನ್ನು ಅಲ್ಲೇ ತಡೆದು ನಿಲ್ಲಿಸುತ್ತಾರೆ. ಎರಡು ವ್ಯಂಜನಗಳು ಒಟ್ಟಿಗೆ ಪದದ ಕೊನೆಗೆ ಬರುವುದೇ ಇಲ್ಲ. ಹಾಗಾಗಿ 'ರಾಬ್', 'ರಾಬ್ಸ್', 'ರಾಬ್ಡ್' ಮೂರೂ ಹೊಸಬರ ಬಾಯಲ್ಲಿ ಸುಲಭವಾಗಿ 'ರಾಪ್' ಆಗಿಬಿಡುತ್ತವೆ. ಇಂಥ ಪದಗಳು ಎದುರಾದಾಗ ಕನ್ನಡದ ಬಾಯಿ ತದ್ವಿರುದ್ಧ ದಾರಿ ಹಿಡಿಯುತ್ತದೆ. ಕೊನೆಗೊಂದು ಸ್ವರ ಅಂಟಿಸಿ ಕೋರ್ಟು, ಜೈಲು, ಬ್ಯಾಂಕು, ಕೇಸು ಅನ್ನುತ್ತೇವೆ. ನಾವು ಸೇರಿಸುತ್ತೇವೆ, ಅವರು ಕತ್ತರಿಸುತ್ತಾರೆ.

ಜೊತೆಗೆ ವಿಯೆಟ್ನಾಮಿ ಕ್ರಿಯಾಪದ ರೂಪ ಬದಲಿಸುವುದೇ ಇಲ್ಲ. ಮಾಡಿದ, ಮಾಡುತ್ತಾನೆ, ಮಾಡಿದಳು, ಮಾಡಿದರು ಅಂತ ನಮ್ಮ ಹಾಗೆ ಬಾಲ ಬೆಳೆಸುವ ಪದ್ಧತಿ ಅಲ್ಲಿಲ್ಲ. ಕಾಲ ಹೇಳಬೇಕಾದರೆ ಇನ್ನೊಂದು ಪುಟ್ಟ ಪದವನ್ನು ಮುಂದಿಡುತ್ತಾರೆ. ಸಂದರ್ಭದಿಂದಲೇ ತಿಳಿಯುವಂತಿದ್ದರೆ ಅದನ್ನೂ ಇಡುವುದಿಲ್ಲ. ಪದದ ಕೊನೆಯನ್ನು ನೋಡಿ ಅರ್ಥ ಹಿಡಿಯುವ ಅಭ್ಯಾಸವೇ ಅವರಿಗೆ ಬೇಕಾಗಿಲ್ಲ.

ಹಾಗಾದರೆ ಅವರ ಪತ್ರಿಕೆ ಓದುವವರಿಗೆ ಕಳ್ಳ ಯಾರು, ಕಳೆದುಕೊಂಡವರು ಯಾರು ಅಂತ ಹೇಗೆ ಗೊತ್ತಾಗುತ್ತದೆ? ಇಲ್ಲಿ ಆ ಭಾಷೆಯ ಒಂದು ಸೊಗಸಾದ ಏರ್ಪಾಡು ಇದೆ. 'ಕುಅಪ್' ಅಂದರೆ ಬಲವಂತದಿಂದ ದೋಚು. ಅದಕ್ಕೆ ಮೊದಲು 'ಬಿ' ಅಂತ ಸೇರಿಸಿದರೆ 'ದರೋಡೆಗೆ ಒಳಗಾದ' ಅಂತಾಗುತ್ತದೆ. ಆದರೆ ಈ 'ಬಿ' ಕೆಟ್ಟದ್ದಕ್ಕೆ ಮಾತ್ರ. ಒಳ್ಳೆಯದಾದರೆ ಅಲ್ಲಿ 'ಡುಅಕ್' ಬರಬೇಕು. ಬಂಧನವಾದರೆ 'ಬಿ', ಬಿಡುಗಡೆಯಾದರೆ 'ಡುಅಕ್'. ಪೆಟ್ಟು ತಿಂದರೆ 'ಬಿ', ಬಹುಮಾನ ಬಂದರೆ 'ಡುಅಕ್'. ಕನ್ನಡ ಓದುಗರಿಗೆ ಇದು ತೀರಾ ಹೊಸದಲ್ಲ. ಬಂಧನಕ್ಕೆ 'ಒಳಗಾದರು', ಟೀಕೆಗೆ 'ಒಳಗಾದರು' ಅಂತ ಬರೆಯುತ್ತೇವೆ, ಮೆಚ್ಚುಗೆಗೆ ಮಾತ್ರ 'ಪಾತ್ರರಾದರು'. ಇಂಗ್ಲಿಷಿಗೆ ಈ ಭೇದವಿಲ್ಲ. ಜೈಲಿಗೆ ಹೋದವನಿಗೂ ಪ್ರಶಸ್ತಿ ಬಂದವನಿಗೂ ಅದೇ 'ವಾಸ್'. ಒಂದು ವಾಕ್ಯ ಶುರುವಾದ ಕೂಡಲೇ ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಅಂತ ತಿಳಿದು ರೂಢಿಯಾದ ಓದುಗ, ಇಂಗ್ಲಿಷ್ ವಾಕ್ಯದಲ್ಲಿ ಮುಂದಿನ ಪದದ ತನಕ ಕಾಯಬೇಕು. ಆ ಮುಂದಿನ ಪದದ ಬಾಲವಂತೂ ಕಿವಿಗೆ ಸರಿಯಾಗಿ ಬೀಳುವುದಿಲ್ಲ.

ಇಷ್ಟೆಲ್ಲಾ ತೊಡಕಿರುವಾಗ ಪಾಠ ಹೇಗಿರಬೇಕು? ಬಹಳ ಕಡೆ ಇರುವುದು ಪಟ್ಟಿ. ಐಇಎಲ್‌ಟಿಎಸ್ ಥರದ ಇಂಗ್ಲಿಷ್ ಪರೀಕ್ಷೆಗಳ ಪ್ರಬಂಧದಲ್ಲಿ ಅಪರಾಧ ಮತ್ತು ಮಾಧ್ಯಮ ಪದೇ ಪದೇ ಬರುವ ವಿಷಯಗಳು. ಅದಕ್ಕೇ 'ಕ್ರೈಂ' ಅನ್ನುವ ಶೀರ್ಷಿಕೆಯ ಕೆಳಗೆ ಥೆಫ್ಟ್, ರಾಬರಿ, ಬರ್ಗ್ಲರಿ, ಮಗ್ಗಿಂಗ್, ಶಾಪ್‌ಲಿಫ್ಟಿಂಗ್, ಎಂಬೆಝಲ್‌ಮೆಂಟ್ ಅಂತ ಸಾಲಾಗಿ ಬರೆದು ಬಾಯಿಪಾಠ ಮಾಡಿಸುತ್ತಾರೆ. ಒಂದೇ ಜಾತಿಯ ಪದಗಳು ಒಂದೇ ಕಡೆ ಇದ್ದರೆ ಕಲಿಯಲು ಸುಲಭ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಆದರೆ ಪ್ರಯೋಗಗಳು ಹೇಳುವುದೇ ಬೇರೆ.

ಥಾಮಸ್ ಟಿಂಕಮ್ ಎಂಬ ಸಂಶೋಧಕ 1993 ಮತ್ತು 1997ರಲ್ಲಿ ಇದನ್ನು ಪರೀಕ್ಷಿಸಿದರು. ಅರ್ಥವಿಲ್ಲದ ಹೊಸ ಪದಗಳನ್ನು ಹುಟ್ಟಿಸಿ, ಅವಕ್ಕೆ ಇಂಗ್ಲಿಷ್ ಅರ್ಥಗಳನ್ನು ಜೋಡಿಸಿ ಕಲಿಸಿದರು. ಅಂಗಿ, ಕೋಟು, ಪ್ಯಾಂಟು ಅನ್ನುವಂಥ ಒಂದೇ ಜಾತಿಯ ಪದಗಳನ್ನು ಒಟ್ಟಿಗೆ ಕೊಟ್ಟಾಗ ಕಲಿಯಲು ಜಾಸ್ತಿ ಹೊತ್ತು ಹಿಡಿಯಿತು. ಸಂಬಂಧವೇ ಇಲ್ಲದ ಪದಗಳು ಅದಕ್ಕಿಂತ ಬೇಗ ತಲೆಗೆ ಹತ್ತಿದವು. 1997ರಲ್ಲಿ ರಾಬ್ ವೇರಿಂಗ್ ಜಪಾನಿನ ವಿದ್ಯಾರ್ಥಿಗಳ ಮೇಲೆ ಇಂಥದೇ ಪ್ರಯೋಗ ಮಾಡಿದಾಗಲೂ ಇದೇ ಕಂಡಿತು. ಹತ್ತಿರದ ಅರ್ಥಗಳು ನೆನಪಿನಲ್ಲಿ ಒಂದನ್ನೊಂದು ಕೆಡಿಸುತ್ತವೆ. ಯಾವುದು ಯಾವುದೆಂದು ಅದಲುಬದಲಾಗುತ್ತದೆ. ನನಗೆ ಮುಖ್ಯ ಅನ್ನಿಸುವುದು ಟಿಂಕಮ್ ಅವರ ಇನ್ನೊಂದು ಫಲಿತಾಂಶ. ಕಪ್ಪೆ, ಕೊಳ, ಜಿಗಿ, ಹಸಿರು ಅನ್ನುವ ಹಾಗೆ ಒಂದೇ ದೃಶ್ಯಕ್ಕೆ ಸೇರಿದ ಪದಗಳು ಒಟ್ಟಿಗೆ ಬಂದರೆ ಕಲಿಕೆ ಸುಲಭವಾಯಿತು. ಅಂದರೆ ಮಿದುಳಿಗೆ ಬೇಕಾದದ್ದು ವರ್ಗೀಕರಣವಲ್ಲ, ಒಂದು ಘಟನೆ.

ಕಳ್ಳತನದ ಪದಗಳಲ್ಲಿ ಇದು ಇನ್ನೂ ಮುಖ್ಯ. ಯಾಕೆಂದರೆ ಪ್ರತಿ ಭಾಷೆಯೂ ಕಳ್ಳತನವನ್ನು ತನ್ನದೇ ಗೆರೆ ಹಾಕಿ ಹಂಚಿಕೊಂಡಿದೆ. ಇಂಗ್ಲಿಷಿನಲ್ಲಿ 'ಸ್ಟೀಲ್' ಮಾಡುವುದು ವಸ್ತುವನ್ನು, 'ರಾಬ್' ಮಾಡುವುದು ಮನುಷ್ಯನನ್ನು ಅಥವಾ ಬ್ಯಾಂಕನ್ನು. 'ಬರ್ಗ್ಲರಿ' ಆಗಬೇಕಾದರೆ ಕಟ್ಟಡದೊಳಗೆ ನುಗ್ಗಿರಬೇಕು. ವಿಯೆಟ್ನಾಮಿಯ 'ಕುಅಪ್'ಗೆ ಇಂಥ ಮಡಿ ಇಲ್ಲ. ಬ್ಯಾಂಕನ್ನೂ 'ಕುಅಪ್' ಮಾಡಬಹುದು, ದುಡ್ಡನ್ನೂ ಮಾಡಬಹುದು. ಆದರೆ ಕದ್ದುಮುಚ್ಚಿ ಮಾಡಿದರೆ 'ಚೋಮ್', ಕಿತ್ತುಕೊಂಡು ಓಡಿದರೆ 'ಜತ್' ಅಂತ ಅದು ಬೇರೆ ಕಡೆ ಕಟ್ಟುನಿಟ್ಟು. ಕನ್ನಡದ ಪತ್ರಿಕೆಗಳು ಗೋಡೆಗೆ ತೂತು ಕೊರೆಯದಿದ್ದರೂ 'ಮನೆಗೆ ಕನ್ನ' ಅಂತಲೇ ಬರೆಯುತ್ತವೆ. ಪದಕ್ಕೆ ಪದ ಇಟ್ಟ ಪಟ್ಟಿಯಲ್ಲಿ ಈ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಒಂದು ಸುದ್ದಿ ಓದಿದರೆ ಕಾಣುತ್ತದೆ. ಯಾರು, ಎಲ್ಲಿಗೆ ಹೋದರು, ಏನು ತೆಗೆದರು, ಯಾರಿಂದ ತೆಗೆದರು ಅನ್ನುವುದೆಲ್ಲ ಅಲ್ಲಿ ಕ್ರಿಯಾಪದದ ಸುತ್ತಲೇ ಇರುತ್ತದೆ.

ಇನ್ನು ನುಡಿಗಟ್ಟುಗಳು. ವಿಯೆಟ್ನಾಮಿಯಲ್ಲಿ ಕಳ್ಳತನದ ಹಲವು ಪದಗಳ ಮುಂದೆ 'ಅನ್' ಬರುವುದುಂಟು: 'ಅನ್ ಕಪ್', 'ಅನ್ ಚೋಮ್', 'ಅನ್ ಕುಅಪ್'. 'ಅನ್' ಅಂದರೆ ತಿನ್ನು. ಲಂಚವನ್ನೂ ಅವರು ತಿನ್ನುತ್ತಾರೆ. ನಾವೂ ಲಂಚ ತಿನ್ನುತ್ತೇವೆ, ಕೆರೆ ಜಾಗ ನುಂಗುತ್ತೇವೆ. ಇಂಗ್ಲಿಷಿನವರು ಲಂಚವನ್ನು ಸುಮ್ನೆ 'ಟೇಕ್' ಮಾಡುತ್ತಾರೆ. ಹನೋಯ್‌ನ ವಿದ್ಯಾರ್ಥಿಗೆ ಈ ಒಂದು ಜಾಗದಲ್ಲಿ ಇಂಗ್ಲಿಷಿಗಿಂತ ಕನ್ನಡವೇ ಸುಲಭವಾಗಬಹುದು.

ಇಂಥ ಹೋಲಿಕೆ ಎಷ್ಟು ನೆರವಾಗುತ್ತದೆ ಅನ್ನುವುದನ್ನು ಸುಝಾನ್ ಇರೂಹೋ 1986ರಲ್ಲಿ ತೋರಿಸಿದರು. ಸ್ಪ್ಯಾನಿಷ್ ಮಾತನಾಡುವ, ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿದ್ದ ವೆನೆಜುವೆಲಾದ ಕಲಿಯುವವರಲ್ಲಿ, ಎರಡೂ ಭಾಷೆಯಲ್ಲಿ ಒಂದೇ ಆಗಿದ್ದ ನುಡಿಗಟ್ಟು ಎಲ್ಲಕ್ಕಿಂತ ಸುಲಭವಾಗಿತ್ತು. ಸ್ವಲ್ಪವೇ ಬೇರೆಯಾಗಿದ್ದರೆ ತಾಯ್ನುಡಿಯ ರೂಪ ನಡುವೆ ನುಗ್ಗಿ ಗೊಂದಲವಾಗುತ್ತಿತ್ತು. 2011ರಲ್ಲಿ ಅನ್ನಾ ಸಿಯಾನೋವಾ-ಚಂತೂರಿಯಾ ಮತ್ತು ಸಂಗಡಿಗರು ಓದುವವರ ಕಣ್ಣಿನ ಚಲನೆಯನ್ನೇ ಅಳೆದರು. ಇಂಗ್ಲಿಷ್ ತಾಯ್ನುಡಿಯವರ ಕಣ್ಣು ಪರಿಚಿತ ನುಡಿಗಟ್ಟಿನ ಮೇಲೆ ಬೇಗ ಜಾರಿ ಹೋಗುತ್ತಿತ್ತು. ಕಲಿತವರಿಗೆ ಆ ಲಾಭವಿರಲಿಲ್ಲ. ಅದರಲ್ಲೂ ಒಳ ಅರ್ಥದಲ್ಲಿ ಬಂದ ನುಡಿಗಟ್ಟು ನೇರ ಅರ್ಥದ್ದಕ್ಕಿಂತ ನಿಧಾನವಾಗುತ್ತಿತ್ತು. ತಾಯ್ನುಡಿಯವರು ಒಟ್ಟಾಗಿ ನುಂಗುವುದನ್ನು ಕಲಿಯುವವರು ಒಂದೊಂದೇ ಪದವಾಗಿ ಅಗಿಯಬೇಕು.

ಹಾಗಾದರೆ ನೆನಪಿಡುವುದು ಹೇಗೆ? ಬೆಲ್ಜಿಯಂನ ಫ್ರಾಂಕ್ ಬೋರ್ಸ್ ಮತ್ತು ಸಂಗಡಿಗರು 2000ದ ದಶಕದಲ್ಲಿ ಕಂಡುಕೊಂಡ ಉಪಾಯ ಸರಳವಾದದ್ದು. ನುಡಿಗಟ್ಟು ಎಲ್ಲಿಂದ ಬಂತು ಅಂತ ಹೇಳಿ, ಆ ಚಿತ್ರ ಮನಸ್ಸಿನಲ್ಲಿ ಮೂಡಲಿ. 'ರೆಡ್ ಹ್ಯಾಂಡೆಡ್' ಸ್ಕಾಟ್ಲೆಂಡಿನ ಹಳೆಯ ಕಾನೂನಿನ ಮಾತು, ಕೈಗೆ ರಕ್ತ ಮೆತ್ತಿಕೊಂಡಂತೆಯೇ ಸಿಕ್ಕಿಬಿದ್ದವನನ್ನು ಕುರಿತದ್ದು. ವಿಯೆಟ್ನಾಮಿಯ 'ಬತ್ ಕ್ವಾ ತಾಂಗ್'ನಲ್ಲಿ ರಕ್ತವಿಲ್ಲ, ಕದ್ದ ಮಾಲಿದೆ. 'ತಾಂಗ್' ಅಂದರೆ ಅದೇ. ಕರ್ನಾಟಕದಲ್ಲಂತೂ ಕೈ ನಿಜವಾಗಿಯೇ ಕೆಂಪಾಗುತ್ತದೆ! ಲೋಕಾಯುಕ್ತ ಪೊಲೀಸರು ಲಂಚದ ನೋಟಿಗೆ ಫಿನಾಲ್ಫ್ತಲೀನ್ ಪುಡಿ ಸವರಿರುತ್ತಾರೆ. ನೋಟು ಮುಟ್ಟಿದವರ ಬೆರಳನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಲ್ಲಿ ಅದ್ದಿಸಿದರೆ, ಆ ಕ್ಷಾರದಲ್ಲಿ ಪುಡಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. 'ರೆಡ್ ಹ್ಯಾಂಡ್ ಆಗಿ ಸಿಕ್ಕಿಬಿದ್ದ' ಅಂತ ನಮ್ಮ ಪತ್ರಿಕೆಗಳು ಬರೆಯುವಾಗ ಅದರಲ್ಲಿ ಹೈಸ್ಕೂಲಿನ ರಸಾಯನಶಾಸ್ತ್ರವೂ ಸೇರಿಕೊಂಡಿದೆ.

'ಹ್ಯೂ ಅಂಡ್ ಕ್ರೈ' ಅನ್ನುವುದನ್ನು ತಗೊಳ್ಳಿ. ಈಗ ಇದಕ್ಕೆ ಬರೀ ಗದ್ದಲ ಅಂತ ಅರ್ಥ. ಇಂಗ್ಲೆಂಡಿನ 1285ರ ವಿಂಚೆಸ್ಟರ್ ಶಾಸನದ ಕಾಲದಲ್ಲಿ ಇದು ಕಾನೂನಿನ ಕರ್ತವ್ಯವಾಗಿತ್ತು. ಕಳ್ಳ ಕಂಡರೆ ಕೂಗು ಹಾಕಬೇಕು, ಕೂಗು ಕೇಳಿದವರು ಬೆನ್ನಟ್ಟಬೇಕು. ಪೊಲೀಸ್ ಪಡೆ ಇಲ್ಲದ ಕಾಲದಲ್ಲಿ ಊರೇ ಪೊಲೀಸ್. ವಿಯೆಟ್ನಾಮಿನ ಹಳ್ಳಿಯಲ್ಲೂ ಈ ಕೂಗು ಇತ್ತು. ಅದರ ಹೆಸರು 'ಲಾ ಲಾಂಗ್', ಊರನ್ನು ಕೂಗಿ ಕರೆಯುವುದು. ಅದರಿಂದಲೇ ಅವರಲ್ಲೊಂದು ಗಾದೆ ಹುಟ್ಟಿದೆ: ದರೋಡೆಯನ್ನೂ ಮಾಡುತ್ತಾನೆ, ಊರನ್ನೂ ಕೂಗುತ್ತಾನೆ. ಈ ಗಾದೆ ಗೊತ್ತಿರುವ ಹುಡುಗಿಗೆ 1285ರ ಕಥೆ ಹೇಳಿದರೆ 'ಹ್ಯೂ ಅಂಡ್ ಕ್ರೈ' ಮರೆಯುವುದು ಕಷ್ಟ.

ಸುದ್ದಿ, ಪತ್ರಿಕೆಗೆ ಸಂಬಂಧಪಟ್ಟ ಪದಗಳಲ್ಲಿ ಫ್ರೆಂಚರ ಆಳ್ವಿಕೆಯ ಗುರುತು ಉಳಿದಿದೆ. ಸುಳ್ಳು ಸುದ್ದಿಗೆ ವಿಯೆಟ್ನಾಮಿಯಲ್ಲಿ 'ತಿನ್ ವಿತ್', ಅಂದರೆ ಬಾತುಕೋಳಿ ಸುದ್ದಿ. ಫ್ರೆಂಚಿನಲ್ಲಿ 'ಕನಾರ್' ಅಂದರೆ ಬಾತುಕೋಳಿಯೂ ಹೌದು, ಗಾಳಿಸುದ್ದಿಯೂ ಹೌದು. ಅದೇ ಪದ ಇಂಗ್ಲಿಷಿಗೆ ಹೋಗಿ 'ಕನಾರ್ಡ್' ಆಯಿತು. ರೋಚಕ ಸುದ್ದಿಯ ಅಗ್ಗದ ಪತ್ರಿಕೆಗೆ ಅವರು 'ಬಾವ್ ಲಾ ಕಾಯ್' ಅನ್ನುತ್ತಾರೆ, ಅಂದರೆ ಕೋಸಿನ ಎಲೆಯ ಪತ್ರಿಕೆ. ಅದೂ ಫ್ರೆಂಚಿನದೇ. ಇಂಗ್ಲಿಷಿನ 'ಕನಾರ್ಡ್' ಕಷ್ಟದ ಪದ ಅಂತ ಹೆದರುವ ವಿದ್ಯಾರ್ಥಿಯ ಮನೆಮಾತಿನಲ್ಲೇ ಅದರ ಅರ್ಥ ಕೂತಿದೆ.

ತಲೆಬರಹದ ವ್ಯಾಕರಣವೇ ಬೇರೆ ಲೋಕ. 'ಬ್ಯಾಂಕ್ ರಾಬರಿ ಸಸ್ಪೆಕ್ಟ್ ಡೆತ್ ಪ್ರೋಬ್' ಅನ್ನುವ ಪದಗಳ ಸಾಲನ್ನು ನಾವು ಹಾಗೇ ಇಳಿಸಬಹುದು: ಬ್ಯಾಂಕ್ ದರೋಡೆ ಶಂಕಿತನ ಸಾವಿನ ತನಿಖೆ. ಕ್ರಮ ಒಂದೇ. ವಿಯೆಟ್ನಾಮಿಯಲ್ಲಿ ಮುಖ್ಯ ಪದ ಮೊದಲು ಬರುತ್ತದೆ, ವಿವರ ಆಮೇಲೆ: ತನಿಖೆ, ಸಾವು, ಶಂಕಿತ, ದರೋಡೆ, ಬ್ಯಾಂಕ್. ಪೂರ್ತಿ ತಿರುಗುಮುರುಗು. ಅವರು ಇಂಥ ತಲೆಬರಹವನ್ನು ಬಲದಿಂದ ಎಡಕ್ಕೆ ಬಿಚ್ಚಬೇಕು. ಇಂಗ್ಲಿಷರೂ ಇದರಲ್ಲಿ ಮುಗ್ಗರಿಸುತ್ತಾರೆ ಅನ್ನುವುದು ಅವರಿಗೆ ಗೊತ್ತಿರಲಿ. ಜಪಾನಿನ ವಿಮಾನ ಅಪಘಾತಕ್ಕೆ ನಂಟಿದ್ದ ಒಬ್ಬ ವಯಲಿನ್ ಕಲಾವಿದೆ ಏಳಿಗೆ ಕಾಣುತ್ತಿದ್ದಾಳೆ ಎಂದು ಹೇಳಹೊರಟ ತಲೆಬರಹವೊಂದರಲ್ಲಿ ಕೊನೆಗೆ 'ಕ್ರ್ಯಾಶ್ ಬ್ಲಾಸಮ್ಸ್' ಅಂತ ಎರಡು ಪದ ಅಕ್ಕಪಕ್ಕ ಬಂದವು. 'ಅಪಘಾತದ ಹೂವು' ಅಂದರೇನು ಅಂತ ಓದುಗರು ತಲೆ ಕೆರೆದುಕೊಂಡರು. 2009ರಿಂದ ಇಂಥ ಗೊಂದಲದ ತಲೆಬರಹಗಳಿಗೆ ಅದೇ ಹೆಸರು ನಿಂತಿದೆ.

ಸುದ್ದಿಯ ರೂಪಕಗಳು ಬರೀ ಅಲಂಕಾರವೇ, ಅಥವಾ ನಾವು ಯೋಚಿಸುವ ರೀತಿಯನ್ನೂ ಬದಲಿಸುತ್ತವೆಯೇ? 2011ರಲ್ಲಿ ಪಾಲ್ ಥಿಬೋಡೋ ಮತ್ತು ಲೆರಾ ಬೊರೊಡಿಟ್ಸ್ಕಿ, ಅಡಿಸನ್ ಎಂಬ ಕಲ್ಪಿತ ನಗರದ ಅಪರಾಧದ ಸುದ್ದಿಯನ್ನು ಎರಡು ಗುಂಪುಗಳಿಗೆ ಓದಿಸಿದರು. ಒಂದರಲ್ಲಿ ಅಪರಾಧ ಬೇಟೆಯಾಡುವ ಮೃಗ, ಇನ್ನೊಂದರಲ್ಲಿ ಸೋಂಕುವ ವೈರಸ್. ಅಂಕಿ-ಅಂಶ ಎಲ್ಲಾ ಒಂದೇ. ಮೃಗ ಎಂದು ಓದಿದವರು ಪೊಲೀಸು, ಶಿಕ್ಷೆಯ ಕಡೆ ಹೆಚ್ಚು ವಾಲಿದರು. ವೈರಸ್ ಎಂದು ಓದಿದವರು ಬಡತನ, ಶಿಕ್ಷಣದಂಥ ಮೂಲ ಕಾರಣಗಳ ಕಡೆ ಹೆಚ್ಚು ನೋಡಿದರು. ಆದರೆ 2014ರಲ್ಲಿ ಡಚ್ ಸಂಶೋಧಕರು ಮತ್ತೆ ಪರೀಕ್ಷಿಸಿದಾಗ ಆ ಪ್ರಭಾವ ಕಾಣಲಿಲ್ಲ. ಹಾಗಾಗಿ ಒಂದು ಪದದಿಂದ ಜನರ ಮನಸ್ಸೇ ತಿರುಗುತ್ತದೆ ಅಂತ ಘಂಟಾಘೋಷವಾಗಿ ಹೇಳುವಂತಿಲ್ಲ. ಆದರೂ ಸುದ್ದಿ ಓದುವಾಗ ಅದು ಏನನ್ನು ಯಾವುದಕ್ಕೆ ಹೋಲಿಸುತ್ತಿದೆ ಅಂತ ನಿಂತು ನೋಡುವುದು ಒಳ್ಳೆಯ ಅಭ್ಯಾಸ. ವಿಯೆಟ್ನಾಮಿಗರಿಗೆ ಇದರ ಉದಾಹರಣೆ ಮನೆಯಲ್ಲೇ ಇದೆ. ಭ್ರಷ್ಟಾಚಾರದ ವಿರುದ್ಧದ ಕಾರ್ಯಾಚರಣೆಯನ್ನು ಕುರಿತು 2017ರಲ್ಲಿ ಕಮ್ಯುನಿಸ್ಟ್ ಪಕ್ಷದ ನಾಯಕ ನ್ಗುಯೆನ್ ಫು ಚೋಂಗ್, ಕುಲುಮೆ ಕಾದ ಮೇಲೆ ಹಸಿ ಸೌದೆಯೂ ಉರಿಯಲೇಬೇಕು ಅಂದರು. ಆಮೇಲೆ ಆ ಕಾರ್ಯಾಚರಣೆಗೇ 'ಡೋತ್ ಲೋ', ಕುಲುಮೆ ಉರಿಸುವುದು ಅಂತ ಹೆಸರಾಯಿತು. ಇಂಗ್ಲಿಷ್ ಪತ್ರಿಕೆಗಳೂ ಅದನ್ನು 'ಬ್ಲೇಜಿಂಗ್ ಫರ್ನೇಸ್' ಅಂತ ತಗೊಂಡವು.

ನಾನು ಪಾಠ ಕಟ್ಟಬೇಕಾಗಿದ್ದರೆ ಇಪ್ಪತ್ತು ಪದಗಳ ಪಟ್ಟಿ ಬಿಟ್ಟು ಒಂದೇ ಪ್ರಕರಣ ಹಿಡಿಯುತ್ತಿದ್ದೆ. ಬಂಧನದ ದಿನದ ಸುದ್ದಿ, ಆರೋಪ ಹೊರಿಸಿದ ದಿನದ್ದು, ವಿಚಾರಣೆಯದ್ದು, ತೀರ್ಪಿನದ್ದು. ಒಬ್ಬನೇ ಮನುಷ್ಯನ ಹೆಸರಿನ ಹಿಂದೆ 'ಸಸ್ಪೆಕ್ಟ್', 'ಅಕ್ಯೂಸ್ಡ್', 'ಡಿಫೆಂಡೆಂಟ್' ಅಂತ ಪದ ಬದಲಾಗುತ್ತಾ ಹೋಗುವುದು ಆಗ ಕಣ್ಣಿಗೆ ಬೀಳುತ್ತದೆ. ಕನ್ನಡದಲ್ಲಿ ಅವನು ಶಂಕಿತ, ಆಮೇಲೆ ಆರೋಪಿ, ತೀರ್ಪು ಬಂದ ಮೇಲಷ್ಟೇ ಅಪರಾಧಿ. ವಿಯೆಟ್ನಾಮಿನ ಕಾನೂನು ಇದನ್ನು ಇನ್ನೂ ಬಿಗಿಯಾಗಿ ಹೇಳುತ್ತದೆ. ಆರೋಪ ದಾಖಲಾದಾಗ 'ಬಿ ಕಾನ್', ಕೋರ್ಟು ವಿಚಾರಣೆಗೆ ಕರೆದಾಗ 'ಬಿ ಕಾವ್'. ಎರಡರಲ್ಲೂ ಮುಂದೆ ಇರುವುದು ಆ ಕೆಟ್ಟ ಸುದ್ದಿಯ 'ಬಿ'. ನಿರ್ದೋಷಿ ಎಂದು ತೀರ್ಪಾದರೆ ವಾಕ್ಯಕ್ಕೆ 'ಡುಅಕ್' ಬರುತ್ತದೆ. ಅದರ ಜೊತೆ ಬರುವ ಪದ 'ಚಾಂಗ್ ಆನ್', ಅಂದರೆ ಬಿಳಿ ಪ್ರಕರಣ. ಇಂಗ್ಲಿಷಿನಲ್ಲಿ ಅದಕ್ಕೆ 'ಅಕ್ವಿಟೆಡ್' ಅನ್ನುತ್ತಾರೆ, ಕೊನೆಯ 'ಡ್' ಸ್ಪಷ್ಟವಾಗಿ ಕೇಳಿಸುವ ಹಾಗೆ.